ಟೇಪು ಹಿಂದಕ್ಕೆ ಸುತ್ತಿದ ರಾತ್ರಿ

ಆಷಾಢದ ರಾತ್ರಿ, ಶಿರಸಿಯ ಯಾವುದೋ ಸಹಕಾರಿ ಸಂಘದ ಕಚೇರಿ ಎಂದಿಟ್ಟುಕೊಳ್ಳಿ. ಹೊರಗೆ ಜಡಿಮಳೆ. ಒಳಗೆ ಬ್ಯಾಕಪ್ ಓಡುತ್ತಿದೆ: ಸದಸ್ಯರ ಅಡಿಕೆ ವಿಕ್ರಿ, ಬೆಳೆಸಾಲ, ಠೇವಣಿ, ಎಲ್ಲವೂ ಒಂದು ಎಲ್‌ಟಿಒ-8 ಕಾರ್ಟ್ರಿಜ್‌ಗೆ. ಅಂಗೈಯಗಲದ ಡಬ್ಬಿ, ಒಳಗೆ 960 ಮೀಟರ್ ಟೇಪು, 12 ಟೆರಾಬೈಟ್ ಜಾಗ. ಮುಕ್ಕಾಲು ಪಾಲು ಬರೆದಾಗಿದೆ. ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಕರೆಂಟು ಹೋಯಿತು!

ಸರ್ವರ್ ಯುಪಿಎಸ್ ಮೇಲೆ ಬದುಕಿತು. ಟೇಪ್ ಡ್ರೈವಿನ ಪ್ಲಗ್ಗು ಗೋಡೆಯ ಬೋರ್ಡಿನಲ್ಲಿತ್ತು. ಅದು ಸತ್ತಿತು, ಜನರೇಟರ್ ಶುರುವಾದೊಡನೆ ಮತ್ತೆ ಎದ್ದಿತು. ಎದ್ದದ್ದೇ ಟೇಪನ್ನು ಮೊದಲ ತುದಿಗೆ ಸುತ್ತಿಬಿಟ್ಟಿತು. ಅತ್ತ ಸರ್ವರಿನಲ್ಲಿ ಮುಂದಿನ ಬ್ಲಾಕ್ ತಯಾರಾಗಿ ಕಾಯುತ್ತಿದೆ.

ಇನ್ನು ಎಲ್ಲದರ ಜೀವ ಸರ್ವರಿನಲ್ಲಿದ್ದು ಡ್ರೈವನ್ನು ನಡೆಸುವ ಡ್ರೈವರ್ ತಂತ್ರಾಂಶದ ಕೈಯಲ್ಲಿ. ಹಾರ್ಡ್ ಡಿಸ್ಕಿನಲ್ಲಿ ಪ್ರತಿ ಬ್ಲಾಕಿಗೂ ವಿಳಾಸವಿದೆ. ಹತ್ತು ಸಲ ಬರೆದರೂ ಅದೇ ಜಾಗಕ್ಕೆ ಹೋಗುತ್ತದೆ. ಟೇಪಿಗೆ ಆ ಭಾಗ್ಯವಿಲ್ಲ. ಬರೆಯುವ ಹೆಡ್ ಎಲ್ಲಿದೆಯೋ ಅಲ್ಲೇ ಬರಹ. ಮೊದಲ ತುದಿಯಲ್ಲಿ ಒಂದೇ ಬ್ಲಾಕ್ ಬಿದ್ದರೂ ದತ್ತಾಂಶ ಇಲ್ಲಿಗೆ ಮುಗಿಯಿತೆಂಬ ಗುರುತು ಅದರ ಬೆನ್ನಿಗೇ ಬೀಳುತ್ತದೆ. ಆಚೆಗಿನದೆಲ್ಲ ಇದ್ದೂ ಓದಲು ಸಿಗದು.

ಡ್ರೈವ್ ಸುಮ್ಮನಿರಲಿಲ್ಲ, ಕೂಗಿಕೊಂಡಿತು. ಸರ್ವರೂ ಡ್ರೈವೂ ಮಾತಾಡಿಕೊಳ್ಳುವ ಸ್ಕಸಿ ಪರಿಭಾಷೆಯಲ್ಲಿ ‘ಯುನಿಟ್ ಅಟೆನ್ಷನ್’: ನಾನು ರೀಸೆಟ್ ಆಗಿದ್ದೇನೆ, ಹುಷಾರು! ಆದರೆ ಕೂಗುವುದು ಒಂದೇ ಸಲ. ಸೋಮಾರಿ ಡ್ರೈವರ್ ಇದನ್ನು ಸಣ್ಣ ತೊಡಕೆಂದು ನುಂಗಿಕೊಂಡು ಅದೇ ಆಜ್ಞೆಯನ್ನು ಮತ್ತೆ ಕಳಿಸುತ್ತದೆ. ಎರಡನೇ ಸಲ ಡ್ರೈವ್ ತಕರಾರಿಲ್ಲದೆ ಬರೆಯುತ್ತದೆ. ಬ್ಯಾಕಪ್ ಯಶಸ್ವಿ ಎಂದು ಪರದೆ ಹೇಳುತ್ತದೆ. ಇದಕ್ಕಿಂತ ಘೋರವಾದ ಸುಳ್ಳು ಉಂಟೇ?

ಲಿನಕ್ಸಿನ ‘ಎಸ್‌ಟಿ’ ಡ್ರೈವರ್ ಹಾಗೆ ಮಾಡುವುದಿಲ್ಲ. ರೀಸೆಟ್ ತಿಳಿದೊಡನೆ ಸ್ಥಾನ ತಪ್ಪಿದೆಯೆಂದು ಗುರುತು ಹಾಕಿಕೊಳ್ಳುತ್ತದೆ. ಟೇಪನ್ನು ಮತ್ತೆ ಗೊತ್ತಿರುವ ಜಾಗಕ್ಕೆ ಒಯ್ಯುವತನಕ ಓದನ್ನೂ ಬರಹವನ್ನೂ ನಿರಾಕರಿಸುತ್ತದೆ. ಆ ರಾತ್ರಿಯ ಬ್ಯಾಕಪ್ ಅರ್ಧಕ್ಕೇ ನಿಲ್ಲುತ್ತದೆ. ನಿಲ್ಲಲಿ, ಬರೆದದ್ದಾದರೂ ಉಳಿಯಿತು.

ಗಂಡಾಂತರ ಇನ್ನೂ ಕಳೆದಿಲ್ಲ. ಡ್ರೈವ್ ‘ಆಯಿತು’ ಎಂದದ್ದೆಲ್ಲ ಟೇಪಿಗೆ ಇಳಿದಿರುವುದಿಲ್ಲ. ಡ್ರೈವಿನ ತಾತ್ಕಾಲಿಕ ನೆನಪಾದ ಬಫರಿನಲ್ಲಿದ್ದದ್ದು ಕರೆಂಟಿನ ಜತೆಗೇ ಹೋಗಿದೆ. ಫೈಲ್‌ಮಾರ್ಕ್ ಎಂಬ ಗಡಿಗುರುತನ್ನು ಟೇಪಿನ ಮೇಲೆ ಬರೆಸಿ, ಬಫರ್ ಖಾಲಿಯಾದ ಉತ್ತರ ಬಂದ ಮೇಲಷ್ಟೇ ಹಿಂದಿನದು ಕ್ಷೇಮ. ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ದಾಟುತ್ತ ಕೊನೆ ಕೊಯ್ಯುವ ಕೊನೆಗೌಡ ಮುಂದಿನ ಮರ ಗಟ್ಟಿಯಾಗಿ ಕೈಗೆ ಸಿಗುವತನಕ ಹಿಂದಿನದನ್ನು ಬಿಡುತ್ತಾನೆಯೇ? ಬ್ಯಾಕಪ್ ತಂತ್ರಾಂಶವೂ ಕೊನೆಯ ಖಚಿತ ಫೈಲ್‌ಮಾರ್ಕಿನಿಂದಲೇ ಮತ್ತೆ ಹೊರಡಬೇಕು.

ಈ ಕಾಲದಲ್ಲೂ ಟೇಪೇ ಎಂದು ನಗುವವರು 2011ರ ಫೆಬ್ರುವರಿಯನ್ನು ನೆನೆಯಲಿ. ತಂತ್ರಾಂಶದ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಸುಮಾರು ಶೇ. 0.02ರಷ್ಟು ಜನರ ಅಂಚೆ ಮಾಯವಾಯಿತು. ಹಲವು ಡೇಟಾ ಸೆಂಟರುಗಳಲ್ಲಿದ್ದ ಪ್ರತಿಗಳೂ ಕೆಟ್ಟವು. ಗೂಗಲ್ ಅದನ್ನು ಮರಳಿ ಎತ್ತಿದ್ದು ಟೇಪಿನಿಂದ.

ಆದರೆ ಟೇಪು ಇರುವ ಕಟ್ಟಡವೇ ಹೋದರೆ? 2021ರ ಜುಲೈ ಮಳೆಗೆ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದದ್ದನ್ನು ಕಂಡ ಸೀಮೆ ಇದು. ಶಿರಸಿಯ ಟೇಪಿನ ಒಂದು ಪ್ರತಿ ಸಿದ್ದಾಪುರದಲ್ಲಿರಲಿ. ಮಳೆ ಹಿಡಿಯುವ ಮೊದಲು ಅದರಿಂದ ನಾಲ್ಕು ಕಡತ ವಾಪಸ್ ತೆಗೆದು, ತೆರೆದು, ನಿಮ್ಮ ಕಣ್ಣಾರೆ ಓದಿ ನೋಡಿ.