ಉದ್ದ ತೋಳಿನ ರವಿಕೆ
ಗಣಿತದ ಟೀಚರಮ್ಮ ವಾರಕ್ಕೊಂದು ಸೆಮಾಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಂಡು ಒಂದೂವರೆ ವರ್ಷದಲ್ಲಿ 96 ಕಿಲೋದಿಂದ 76ಕ್ಕೆ ಇಳಿದರು. ಮಂಡಿನೋವು ಕಡಿಮೆಯಾಯಿತು. ಆದರೆ ಕಪ್ಪುಹಲಗೆಯ ಮೇಲ್ತುದಿಗೆ ಕೈ ಎತ್ತಿದರೆ ತೋಳಿನ ಚರ್ಮ ಖಾಲಿ ಚೀಲದಂತೆ ಜೋಲಾಡುತ್ತಿತ್ತು. ಒಂದು ದಿನ ಹಿಂದಿನ ಬೆಂಚಿನಿಂದ ಕಿಸಕ್ಕೆಂದ ಸದ್ದು. ಅಂದಿನಿಂದ ಸುಡುಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ. ಲೆಕ್ಕವೆಲ್ಲ ಹಲಗೆಯ ಕೆಳಗಿನ ಅರ್ಧದಲ್ಲೇ.

ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಕೊಲಾಜೆನ್, ಇಲಾಸ್ಟಿನ್ ಎಳೆಗಳು ಸೋತಿರುತ್ತವೆ. ಕೊಬ್ಬು ಕರಗಿದಷ್ಟು ಬೇಗ ಅವು ಕುಗ್ಗಲಾರವು. ದುಬಾರಿ ಕ್ರೀಮುಗಳಿಂದ ಆಗುವುದೂ ಅಷ್ಟರಲ್ಲೇ ಇದೆ. ವೈದ್ಯರು ಹೇಳಿದ್ದು ಇಷ್ಟು: ಊಟದಲ್ಲಿ ಬೇಳೆಕಾಳು, ಮೊಟ್ಟೆ ಇರಲಿ, ಭಾರ ಎತ್ತಿ, ಮಡಿಕೆಗಳಲ್ಲಿ ಬೆವರು ನಿಲ್ಲದಿರಲಿ. ಶಸ್ತ್ರಚಿಕಿತ್ಸೆಯ ಮಾತೇನಿದ್ದರೂ ತೂಕ ಕೆಲವು ತಿಂಗಳು ಏರಿಳಿಯದೆ ನಿಂತ ಮೇಲೆ.

ಈಗ ಹತ್ತನೇ ತರಗತಿಯ ಮಗಳು ದಿನಾ ಸಂಜೆ ನೀರು ತುಂಬಿದ ಎರಡು ಬಾಟಲಿ ಅಮ್ಮನ ಕೈಗಿಡುತ್ತಾಳೆ. ಎಣಿಸುವವಳೂ ಅವಳೇ. ಹನ್ನೆರಡಕ್ಕೆ ಮೊದಲು ಕೆಳಗಿಡಲು ಬಿಡುವುದಿಲ್ಲ.