ಅಮ್ಮನ ಬೆರಳು, ನೂರು ರೂಪಾಯಿಯ ಗಾಜು

ಕಳೆದ ಜುಲೈಯಲ್ಲಿ ಆಫೀಸ್ ಕೆಲಸಕ್ಕೆಂದು ಎರಡು ದಿನ ಬೆಂಗಳೂರಿಗೆ ಹೋಗಿದ್ದೆ. ಸುರತ್ಕಲ್‌ನ ಮನೆಯಲ್ಲಿ ಅಮ್ಮ ಒಬ್ಬಳೇ. ಅವಳಿಗೆ ಬಿಪಿ ಉಂಟು. ಆದರೆ ಕೈಯಲ್ಲಿ ಫೋನೂ ಉಂಟಲ್ಲ ಎಂಬ ಧೈರ್ಯ ನನಗೆ. ಮೂರನೇ ದಿನ ಬೆಳಿಗ್ಗೆ ಬಸ್ಸಿಳಿದು ಬಂದರೆ ಪಕ್ಕದ ಮನೆಯ ಆಂಟಿ ಗೇಟಿನ ಹತ್ತಿರವೇ ನಿಲ್ಲಿಸಿ ಕೇಳಿದರು, "ಅಮ್ಮ ಈಗ ಹೇಗಿದ್ದಾರೆ?"

ನನಗೆ ಏನೂ ಗೊತ್ತಿರಲಿಲ್ಲ.

ನಾನು ಹೋದ ರಾತ್ರಿಯೇ ಅಮ್ಮನಿಗೆ ತಲೆ ತಿರುಗಿದೆ. ನನಗೆ ಕಾಲ್ ಮಾಡಲು ನೋಡಿದ್ದಾಳೆ. ಒತ್ತಿದ್ದಾಳೆ, ಸೆರಗಿನಲ್ಲಿ ಒರೆಸಿ ಮತ್ತೆ ಒತ್ತಿದ್ದಾಳೆ. ಲಾಕ್ ತೆಗೆಯಲು ಹೋಗಿ ಐದು ಸಲ ತಪ್ಪಾಗಿದೆ, ಮೂವತ್ತು ಸೆಕೆಂಡ್ ಕಾಯಿರಿ ಅಂತ ಬಂದಿದೆ. ಕಡೆಗೆ ಆ ಮಳೆಯಲ್ಲಿ ಕಂಪೌಂಡ್ ಗೋಡೆ ಹಿಡಿದುಕೊಂಡು ಆಂಟಿಯ ಮನೆಗೆ ನಡೆದಿದ್ದಾಳೆ. ಅವರು ಬಿಸಿ ಗಂಜಿ ಕೊಟ್ಟು, ಮಾತ್ರೆ ನುಂಗಿಸಿ, ಅಲ್ಲೇ ಮಲಗಿಸಿಕೊಂಡಿದ್ದಾರೆ.

"ಯಾಕೆ ನನಗೆ ಹೇಳಲಿಲ್ಲ?" ಅಂತ ಜೋರು ಮಾಡಿದೆ.

"ಎಂತ ಹೇಳುದು ಮಗಾ, ನನ್ನ ಬೆರಳು ಆ ಫೋನಿಗೆ ಆಗುದಿಲ್ಲ."

ಮನೆಯಲ್ಲಿ ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. 'ಆಗುದಿಲ್ಲ' ಎಂದರೆ ನಮ್ಮ ಕಡೆ ಇಬ್ಬರ ನಡುವೆ ಮಾತುಕತೆ ಇಲ್ಲ ಅಂತಲೂ ಅರ್ಥ. ಅತ್ತೆಗೂ ಸೊಸೆಗೂ ಆಗುದಿಲ್ಲ ಅನ್ನುವ ಹಾಗೆ. ಅಮ್ಮ ಅದನ್ನು ಹೇಳಿದ್ದು ಬೇಸರದಲ್ಲೂ ಅಲ್ಲ. ತನ್ನದೇ ತಪ್ಪು ಎಂದು ಒಪ್ಪಿಕೊಂಡಾಗಿದೆ ಎನ್ನುವ ದನಿಯಲ್ಲಿ.

ಹಾಗೆ ಒಪ್ಪಿಸಿದವಳು ನಾನೇ. ಫೋನ್ ತಂದುಕೊಟ್ಟದ್ದು ಮೇ ತಿಂಗಳಲ್ಲಿ. ಅದೇ ದಿನ ನೂರು ರೂಪಾಯಿ ಕೊಟ್ಟು ಗಟ್ಟಿ ಗಾಜು, ಅದೇ ಟೆಂಪರ್ಡ್ ಗ್ಲಾಸ್, ಹಾಕಿಸಿದೆ. ಆಮೇಲೆ ಎರಡು ತಿಂಗಳು "ಅಮ್ಮ, ಸರಿಯಾಗಿ ಒತ್ತು", "ಅಮ್ಮ, ಉಗುರಲ್ಲಿ ಒತ್ತಬೇಡ", "ಅಯ್ಯೋ ಕೊಡು ಇಲ್ಲಿ" ಇದೇ ಆಯ್ತು. ನಾನು ತೆಗೆದುಕೊಂಡು ಒತ್ತಿದರೆ ಒಂದೇ ಸಲಕ್ಕೆ ಕೆಲಸ ಆಗುತ್ತಿತ್ತು. ಮತ್ತೆ ಬೇರೆ ಸಾಕ್ಷಿ ಯಾಕೆ ಬೇಕು?

ನಾಚಿಕೆಯ ವಿಷಯ ಎಂದರೆ ನನ್ನ ಉದ್ಯೋಗವೇ ಟೆಸ್ಟಿಂಗ್. ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. "ನನ್ನ ಸಿಸ್ಟಮ್‌ನಲ್ಲಿ ಸರಿಯಾಗೇ ಓಡ್ತದಲ್ಲ" ಎನ್ನುವ ಡೆವಲಪರ್‌ಗಳನ್ನು ಕಂಡರೆ ಮೈ ಉರಿಯುತ್ತದೆ. ಮನೆಯಲ್ಲಿ ನಾನು ಮಾಡಿದ್ದೂ ಅದನ್ನೇ.

ಅಮ್ಮನ ಬೆರಳಿನ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಹಾಗೆ ನಮ್ಮದೂ ಬೀಡಿಯಲ್ಲಿ ನಡೆದ ಮನೆ. ಸುಮಾರು ಮೂವತ್ತು ವರ್ಷ ಅಮ್ಮ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟಿದ್ದಾಳೆ. ಎಲೆ ಒದ್ದೆ ಮಾಡಿ, ಕತ್ತರಿಸಿ, ಹೊಗೆಸೊಪ್ಪು ತುಂಬಿಸಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟುವುದು. ನನ್ನ ಶಾಲೆಯ ಫೀಸು, ಕಾಲೇಜಿನ ಬಸ್ ಪಾಸು ಎಲ್ಲ ಬ್ರಾಂಚಿಗೆ ಹೋದ ಆ ಬೀಡಿಯ ಲೆಕ್ಕದಲ್ಲೇ ಬಂದದ್ದು. ಅವಳ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳು ಬಹುಮಟ್ಟಿಗೆ ಇಲ್ಲ. ಚರ್ಮ ದಪ್ಪ, ಒಣ, ನಯ. ರೇಷನ್ ಅಂಗಡಿಯ ಮೆಷಿನ್‌ನಲ್ಲಿ ಹೆಬ್ಬೆಟ್ಟು ಇಟ್ಟರೆ ಮೂರನೆಯದೋ ನಾಲ್ಕನೆಯದೋ ಸಲಕ್ಕೆ ಅವಳು ಅವಳೇ ಎಂದು ಅದಕ್ಕೆ ಗೊತ್ತಾಗುವುದು. ಫೋನೂ ಹಾಗೇ ಎಂದು ಅಮ್ಮ ಅಂದುಕೊಂಡದ್ದರಲ್ಲಿ ಆಶ್ಚರ್ಯ ಇಲ್ಲ.

ಆ ಭಾನುವಾರ ಫೋನನ್ನು ಟೆಸ್ಟಿಗೆ ಕೂರಿಸಿದೆ. ಅಮ್ಮನನ್ನೂ.

ಆಂಡ್ರಾಯ್ಡ್ ಫೋನಿನಲ್ಲಿ ಒಂದು ಗುಟ್ಟಿನ ಕೋಣೆ ಇದೆ. ಸೆಟ್ಟಿಂಗ್ಸ್‌ನಲ್ಲಿ 'ಬಿಲ್ಡ್ ನಂಬರ್' ಎಂಬುದರ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ 'ಪಾಯಿಂಟರ್ ಲೊಕೇಶನ್' ಎಂಬುದನ್ನು ಆನ್ ಮಾಡಿದರೆ ಬೆರಳು ಹೋದ ದಾರಿಯೆಲ್ಲ ಸ್ಕ್ರೀನಿನ ಮೇಲೆ ಗೆರೆಯಾಗಿ ಮೂಡುತ್ತದೆ. ಬೆರಳು ನಿಜವಾಗಿ ಎಲ್ಲಿ ಹೋಯಿತು, ಫೋನಿಗೆ ಎಲ್ಲಿ ಹೋದ ಹಾಗೆ ಕಂಡಿತು ಎರಡನ್ನೂ ಪಕ್ಕಪಕ್ಕ ನೋಡಬಹುದು. (ಕೆಲಸ ಮುಗಿದ ಮೇಲೆ ಮರೆಯದೆ ಆಫ್ ಮಾಡಿ. ನಾನು ಮರೆತು, ಫೋನಿನ ಮೇಲೆ ಯಾರೋ ಗೀಚಿದ್ದಾರೆ ಅಂತ ಅಮ್ಮ ಹೆದರಿದಳು.)

ನಾನು ಎಳೆದ ಗೆರೆ ಮೇಲಿನಿಂದ ಕೆಳಗೆ ಅಖಂಡವಾಗಿ ಬಂತು. ಅಮ್ಮ ಎಳೆದದ್ದು ನಡುವಿಗೆ ಬರುವಾಗ ತುಂಡು ತುಂಡು. ಅಂಚಿನಲ್ಲಿ ಸರಿ, ನಡುವಲ್ಲಿ ಇಲ್ಲ. ಹತ್ತು ಸಲ ಎಳೆಸಿದೆ, ಏಳು ಸಲ ತುಂಡಾಯಿತು.

"ಇನ್ನೆಷ್ಟು ಗೆರೆ ಎಳೀಬೇಕು? ಒಂದನೇ ಕ್ಲಾಸಲ್ಲೂ ಇಷ್ಟು ಎಳೆದಿಲ್ಲ ನಾನು."

ಗಾಜನ್ನು ಮೂಲೆಯಿಂದ ಮೆಲ್ಲ ಎಬ್ಬಿಸಿ ತೆಗೆದೆ. ಬರೀ ಫೋನಿನ ಮೇಲೆ ಹತ್ತು ಗೆರೆ. ತುಂಡಾದದ್ದು ಒಂದೇ.

ಅಮ್ಮ ತನ್ನ ಬೆರಳನ್ನು ನೋಡಿದಳು, ಆಮೇಲೆ ಗಾಜನ್ನು. "ಓ, ಇದಾ?" ಅಂದಳು. ಅಷ್ಟೇ.

ತೆಗೆದ ಗಾಜನ್ನು ಬೆಳಕಿಗೆ ಹಿಡಿದಾಗ ವಿಷಯ ಸ್ಪಷ್ಟವಾಯಿತು. ಗಮ್ ಇದ್ದದ್ದು ಸುತ್ತಲಿನ ಕಪ್ಪು ಅಂಚಿಗೆ ಮಾತ್ರ. ನಡುವೆ ಏನೂ ಇಲ್ಲ, ಬರೀ ಗಾಳಿ. ಫೋನಿನ ಸ್ಕ್ರೀನು ನಾವು ಎಷ್ಟು ಜೋರಾಗಿ ಒತ್ತುತ್ತೇವೆ ಅಂತ ನೋಡುವುದೇ ಇಲ್ಲ. ಒಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಿದ್ಯುತ್ ತಂತುಗಳ ಬಲೆ ಇದೆ. ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುದಾವೇಶದಲ್ಲಿ ಚೂರು ಬದಲಾವಣೆ ಆಗುತ್ತದೆ. ಅದನ್ನು ಅಳೆದು ಸ್ಪರ್ಶ ಎಲ್ಲಾಯಿತು ಎಂದು ಲೆಕ್ಕ ಹಾಕುತ್ತದೆ. ಬೆರಳಿಗೂ ಬಲೆಗೂ ದೂರ ಹೆಚ್ಚಾದಷ್ಟು ಆ ಬದಲಾವಣೆ ಚಿಕ್ಕದು. ಅದರಲ್ಲೂ ಗಾಳಿಯ ಪದರ ಬಂದರೆ ಇನ್ನೂ ಕಷ್ಟ, ಯಾಕೆಂದರೆ ಈ ವಿಷಯದಲ್ಲಿ ಗಾಜು ಗಾಳಿಗಿಂತ ಆರೇಳು ಪಟ್ಟು ಮೇಲು. ಕೂದಲಿನಷ್ಟು ದಪ್ಪದ ಗಾಳಿ ಅಂದರೆ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟ ಹಾಗೆ. ನನ್ನ ತೇವದ ಬೆರಳಿಗೆ ಅದನ್ನು ದಾಟುವ ಶಕ್ತಿ ಇತ್ತು. ಮೂವತ್ತು ವರ್ಷ ಬೀಡಿ ಕಟ್ಟಿ ಒಣಗಿದ ಬೆರಳಿಗೆ ಇರಲಿಲ್ಲ. ಜೋರಾಗಿ ಒತ್ತಿದರೆ ಬೆರಳತುದಿ ಸ್ವಲ್ಪ ಅಗಲವಾಗಿ ತಾಗುತ್ತದೆ ಎಂಬುದಷ್ಟೇ ಲಾಭ. "ಸರಿಯಾಗಿ ಒತ್ತು" ಅಂತ ನಾನು ಎರಡು ತಿಂಗಳು ಹೇಳಿದ್ದೆನಲ್ಲ!

ಸಂಜೆ ಆ ಗಾಜನ್ನು ಪರ್ಸಿನಲ್ಲಿ ಹಾಕಿಕೊಂಡು ಬೀಚಿಗೆ ಹೋದೆ. ಸಿಟ್ಟಿತ್ತು ಅದರ ಮೇಲೆ. ಎನ್‌ಐಟಿಕೆ ಹಿಂದಿನ ಕಡಲು ಜುಲೈಯಲ್ಲಿ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು, ನೀರಿನ ಹತ್ತಿರ ಹೋಗುವ ಹಾಗೇ ಇಲ್ಲ. ಲೈಟ್‌ಹೌಸ್ ಕಾಣುವಲ್ಲಿ ಒಂದು ಬಂಡೆಯ ಮೇಲೆ ಕೂತೆ. ಗಾಜಿನ ಪ್ಯಾಕೆಟಿನ ಮೇಲೆ ದೊಡ್ಡದಾಗಿ 9ಎಚ್ ಅಂತ ಇತ್ತು. ಅಂಗಡಿಯಲ್ಲಿ ಹುಡುಗ ಬೀಗದ ಕೈಯಿಂದ ಪರಪರ ಗೀರಿ ತೋರಿಸಿ, "ನೋಡಿ ಅಕ್ಕ, ಒಂದು ಗೆರೆ ಬಿದ್ದಿಲ್ಲ" ಅಂದಿದ್ದ. ನಾನೂ ಮನೆಯ ಬೀಗದ ಕೈಯಲ್ಲಿ ಗೀರಿದೆ. ಹೌದು, ಬೀಳಲಿಲ್ಲ. ಆಮೇಲೆ ಒಂದು ಚಿಟಿಕೆ ಮರಳು ಹಾಕಿ ಹೆಬ್ಬೆರಳಲ್ಲಿ ನಾಲ್ಕು ಸಲ ಉಜ್ಜಿದೆ. ಬೆಳಕಿಗೆ ಹಿಡಿದರೆ ಜೇಡರ ಬಲೆ.

ಈ 9ಎಚ್ ಎಂಬುದು ಪೆನ್ಸಿಲಿನ ಲೆಕ್ಕ. ನಾವು ಶಾಲೆಯಲ್ಲಿ ಎಚ್‌ಬಿ ಪೆನ್ಸಿಲ್ ಎನ್ನುತ್ತಿದ್ದೆವಲ್ಲ, ಅದೇ ಸಾಲು. ಮೆತ್ತಗಿನ 9ಬಿಯಿಂದ ಗಟ್ಟಿಯಾದ 9ಎಚ್‌ವರೆಗೆ. ಬಣ್ಣ, ವಾರ್ನಿಶ್‌ಗಳ ಲೇಪ ಎಷ್ಟು ಗಟ್ಟಿ ಎಂದು ನೋಡಲು ಪೆನ್ಸಿಲನ್ನು 45 ಡಿಗ್ರಿ ಓರೆಯಾಗಿ, 750 ಗ್ರಾಂ ಭಾರದಲ್ಲಿ ಎಳೆಯುವ ಪರೀಕ್ಷೆ ಅದು. ಅತಿ ಗಟ್ಟಿ ಪೆನ್ಸಿಲಿನಿಂದಲೂ ಗೀರು ಬೀಳದು ಎಂಬುದಷ್ಟೇ ಅರ್ಥ. ಗಾಜಿನ ಮೇಲೆ ಪೆನ್ಸಿಲ್ ಗೀರು ಯಾವಾಗ ಬಿದ್ದಿದೆ ಹೇಳಿ! ಇದಕ್ಕೂ ಖನಿಜಗಳ ಗಡಸುತನ ಹೇಳುವ ಮೋಸ್ ಮಾಪಕಕ್ಕೂ ಸಂಬಂಧ ಇಲ್ಲ. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ಮಾಡಿದ ಆ ಮಾಪಕದಲ್ಲಿ ವಜ್ರ 10. ಪ್ಯಾಕೆಟಿನ ಮೇಲೆ 9 ಎಂದು ನೋಡಿದವರು ಇನ್ನೇನು ವಜ್ರವೇ ಅಂದುಕೊಳ್ಳುತ್ತಾರೆ. ಅಸಲಿಗೆ ಗಾಜು ಐದೂವರೆ, ಆರರ ಹತ್ತಿರ. ಮರಳಿನಲ್ಲಿರುವ ಕ್ವಾರ್ಟ್ಜ್ 7. ಹಿತ್ತಾಳೆಯ ಬೀಗದ ಕೈ ಮೂರರ ಸುತ್ತ. ಬೀಗದ ಕೈ ಗೆಲ್ಲುವುದಿಲ್ಲ ಎಂದು ಅಂಗಡಿಯವನಿಗೂ ಗೊತ್ತು. ಕಡಲ ಬದಿಯ ನಮ್ಮಂಥವರ ಬ್ಯಾಗಿನಲ್ಲಿ, ಕಿಸೆಯಲ್ಲಿ ಬೀಗದ ಕೈಗಿಂತ ಹೆಚ್ಚು ಇರುವುದು ಮರಳು.

ಜಗಳ ಮಾಡಬೇಕೆಂದೇ ಮರುದಿನ ಅಂಗಡಿಗೆ ಹೋದೆ. ಹುಡುಗ ಜಗಳಕ್ಕೆ ಸಿಗಲಿಲ್ಲ. "ಅಕ್ಕ, ನೂರರದ್ದಕ್ಕೆ ಸುತ್ತ ಮಾತ್ರ ಗಮ್ ಬರುದು. ಇಡೀ ಗಮ್ ಇರುದು ಮುನ್ನೂರೈವತ್ತು. ಹೇಳಿದ್ರೆ ಯಾರೂ ತಗೊಳ್ಳುದಿಲ್ಲ ಮಾರಾಯ್ರೆ, ಎಲ್ಲರೂ ಕೇಳುದು ನೂರರದ್ದೇ." ನಾನೂ ಅದನ್ನೇ ಕೇಳಿದ್ದೆ. ಇಡೀ ಗಮ್ಮಿನ ಗಾಜು ಒಂದು, ಮೆಷಿನ್‌ನಲ್ಲಿ ಅಳತೆಗೆ ಕತ್ತರಿಸಿ ಕೊಡುವ ತೆಳು ಹೈಡ್ರೋಜೆಲ್ ಹಾಳೆ ಒಂದು, ಎರಡನ್ನೂ ತಂದೆ. "ಅಕ್ಕನಿಗೆ ಒಂದೇ ಫೋನಿಗೆ ಎರಡು ಯಾಕೆ?" ಎಂದು ಕೇಳಿದವನಿಗೆ ಪರೀಕ್ಷೆ ಅಂದೆ. ಅವನು ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ.

ಅಂಟಿಸುವ ಕೆಲಸಕ್ಕೆ ನಮ್ಮ ಮಳೆಗಾಲ ಒಳ್ಳೆಯದು. ಬೇರೆ ಕಡೆಯವರು ಧೂಳು ಕೂರಲಿ ಎಂದು ಬಾತ್‌ರೂಮಿನಲ್ಲಿ ಬಿಸಿನೀರು ಬಿಟ್ಟು ಆವಿ ಎಬ್ಬಿಸಿ ಅಂಟಿಸುತ್ತಾರಂತೆ. ನಮ್ಮಲ್ಲಿ ಜುಲೈಯಲ್ಲಿ ಇಡೀ ಊರೇ ಬಾತ್‌ರೂಮು.

ಮತ್ತೆ ಗೆರೆ ಎಳೆಯುವ ಕೆಲಸ. ಈ ಸಲ ಅಮ್ಮನಿಗೆ ಹುಮ್ಮಸ್ಸು ಬಂದಿತ್ತು. ತುಂಡಾದದ್ದನ್ನು ಬೀಡಿ ಎಣಿಸುವ ವೇಗದಲ್ಲಿ ಅವಳೇ ಎಣಿಸಿ ಹೇಳುತ್ತಿದ್ದಳು. ಇಡೀ ಗಮ್ಮಿನ ಗಾಜಿನಲ್ಲಿ ಹತ್ತಕ್ಕೆ ಮೂರು. ಸೆಟ್ಟಿಂಗ್ಸ್‌ನಲ್ಲಿ 'ಟಚ್ ಸೆನ್ಸಿಟಿವಿಟಿ' ಎಂಬುದು ಕೆಲವು ಫೋನುಗಳಲ್ಲಿ ಇರುತ್ತದೆ, ಸ್ಕ್ರೀನಿನ ಮೇಲೆ ಗಾಜು ಹಾಕಿದವರಿಗೆಂದೇ ಕೊಟ್ಟದ್ದು. ಅದನ್ನು ಆನ್ ಮಾಡಿದ ಮೇಲೆ ಹತ್ತಕ್ಕೆ ಒಂದು. ಹೈಡ್ರೋಜೆಲ್‌ನಲ್ಲಿ ಸೆಟ್ಟಿಂಗ್ ಇಲ್ಲದೆಯೂ ಒಂದೇ. ಆದರೆ ಆ ಹಾಳೆಯ ಮೇಲೆ ಬೆರಳು ಜಾರುವುದಿಲ್ಲ, ಹಿಡಿದ ಹಾಗಾಗುತ್ತದೆ. "ಅಂಟು ಅಂಟು, ಹಲಸಿನ ಮೇಣ ತಾಗಿದ ಹಾಗೆ" ಎಂದಳು ಅಮ್ಮ.

ಒದ್ದೆ ಕೈಯ ಪರೀಕ್ಷೆಯಲ್ಲಿ ಎಲ್ಲವೂ ಫೇಲ್. ಮೀನು ತೊಳೆದ ಕೈಯಲ್ಲೇ ಫೋನ್ ಎತ್ತುವುದು ಅಮ್ಮನ ಅಭ್ಯಾಸ. ನೀರಿನ ಹನಿಯನ್ನೂ ಫೋನು ಬೆರಳೆಂದು ತಿಳಿಯುತ್ತದೆ, ಉಪ್ಪುನೀರಾದರೆ ಕೇಳುವುದೇ ಬೇಡ. ಸೆನ್ಸಿಟಿವಿಟಿ ಆನ್ ಇದ್ದಾಗ ನಾಲ್ಕು ಹನಿ ಬಿದ್ದದ್ದಕ್ಕೆ ಅದು ತಾನಾಗಿ ಯೂಟ್ಯೂಬ್ ತೆರೆದು ಯಕ್ಷಗಾನ ಹಾಕಿತು. ಅಮ್ಮ ಅದನ್ನು ನಿಲ್ಲಿಸಲು ಬಿಡಲಿಲ್ಲ, ಆ ದಿನದ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಯಾವುದನ್ನು ಇಡುವುದು ಎಂಬಲ್ಲಿ ನಮಗೆ ಚರ್ಚೆಯಾಯಿತು. ಬಿದ್ದರೆ ತಡೆಯುವುದು ಗಾಜು. ತಾನು ಒಡೆದು ಪೆಟ್ಟನ್ನು ತನ್ನ ಮೇಲೆ ಹಾಕಿಕೊಳ್ಳುತ್ತದೆ. ಹೈಡ್ರೋಜೆಲ್ ಸಣ್ಣ ಗೀರನ್ನು ತಾನೇ ಮುಚ್ಚಿಕೊಂಡೀತು, ಆದರೆ ಸಿಮೆಂಟ್ ನೆಲಕ್ಕೆ ಮೂಲೆ ಬಡಿದರೆ ಅದರ ಕೈಯಲ್ಲಿ ಹೆಚ್ಚೇನೂ ಆಗದು. ಹನ್ನೊಂದು ಸಾವಿರದ ಫೋನು, ನಾನು ಗಾಜು ಎಂದೆ.

"ನನಗೆ ಬೀಳಿಸುವ ಅಭ್ಯಾಸ ಇಲ್ಲ. ಅಷ್ಟು ವರ್ಷ ತಡ್ಪೆ ಮಡಿಲಲ್ಲಿ ಇಟ್ಟವಳು, ಒಂದು ಬೀಡಿ ಕೆಳಗೆ ಬೀಳ್ಲಿಲ್ಲ. ಬೀಳಿಸುದು ನೀನು."

ಇದು ನಿಜ. ನನ್ನ ಫೋನಿನ ಮೂಲೆಯ ಬಿರುಕೇ ಸಾಕ್ಷಿ. ಅಂಚು ಎತ್ತರ ಇರುವ ಒಂದು ರಬ್ಬರ್ ಕವರ್ ತಂದು, ಹೈಡ್ರೋಜೆಲ್ ಹಾಳೆಯನ್ನೇ ಇಟ್ಟೆವು. ಉಳಿದ ಗಾಜು ಕಪಾಟಿನಲ್ಲಿದೆ.

ಇನ್ನೊಂದು ಕೆಲಸವನ್ನು ಮೊದಲೇ ಮಾಡಬೇಕಿತ್ತು. ಪಕ್ಕದ ಪವರ್ ಬಟನ್ ಐದು ಸಲ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಈಗಿನ ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿದೆ. ಅದಕ್ಕೆ ಗಾಜೂ ಬೇಡ, ಬೆರಳಿನ ತೇವವೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ, ನನ್ನ ನಂಬರನ್ನೂ ಪಕ್ಕದ ಮನೆಯ ಆಂಟಿಯ ನಂಬರನ್ನೂ ಸೇರಿಸಿದೆ. ಅಮ್ಮ ಬೆರಳು ಮಡಚಿ ಐದು ಎಣಿಸಿ ಅಭ್ಯಾಸ ಮಾಡಿದಳು, ಫೋನು ಆಫ್ ಮಾಡಿಟ್ಟು.

ಕ್ಷಮಿಸು ಅಂತ ಹೇಳಲು ಎರಡು ಸಲ ಬಾಯಿ ತೆರೆದೆ. ನಮ್ಮ ಮನೆಯಲ್ಲಿ ಆ ಶಬ್ದ ಬಳಕೆಯಲ್ಲಿಲ್ಲ. ಬದಲಿಗೆ, "ಅಮ್ಮ, ಬೆರಳಿಗೆ ತೆಂಗಿನೆಣ್ಣೆ ಹಚ್ಚಲಾ?" ಎಂದು ಕೇಳಿದೆ. ಫೋನಿಗೆ ಎಣ್ಣೆ ಆಗುತ್ತದೆ, ಬೇಡ ಅಂದಳು.

ಅದರ ಮರುವಾರ ಬೆಳಿಗ್ಗೆ ಹನ್ನೊಂದಕ್ಕೆ, ಟೀಮ್ ಮೀಟಿಂಗ್ ನಡುವೆ, ಫೋನ್ ಬಂತು. ಅಮ್ಮನ ಹೆಸರು ನೋಡಿ ಎದೆ ಧಸಕ್ ಎಂದಿತು. ಮೈಕ್ ಮ್ಯೂಟ್ ಮಾಡಿ ಎತ್ತಿದೆ.

"ಎಂತ ಆಯ್ತಮ್ಮ?"

"ಎಂತ ಇಲ್ಲ. ಒತ್ತಿದೆ, ಒಂದೇ ಸಲಕ್ಕೆ ಹೋಯ್ತು. ಇಡ್ತೇನೆ."