ತಾನಾಗಿ ತಿರುಗಿ ಬಾರದ ಸ್ಟೇರಿಂಗ್

ಜಿಡಗಾದಲ್ಲಿ ನಮ್ಮ ಕಾಕಾರ ಹಳೇ ಕಾರು ಓಣಿಗೆಲ್ಲ ಆಂಬುಲೆನ್ಸ್ ಇದ್ದಂತೆ. ನಡುರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆಳಂದಕ್ಕೋ ಕಲಬುರಗಿಗೋ ಅದೇ ಓಡಬೇಕು. ಈ ಚಳಿಗಾಲದಲ್ಲಿ ಅದಕ್ಕೊಂದು ರೋಗ ಹತ್ತಿತು. ತಿರುವು ದಾಟಿದರೂ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ, ಎಳೆದು ತರಬೇಕು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಎದೆ ಝಲ್ ಎನ್ನುತ್ತಿತ್ತು.

ಕಲಬುರಗಿಯಲ್ಲಿ ಅಲೈನ್‌ಮೆಂಟ್ ಮಾಡಿಸಿದೆವು. ಕಾಗದದಲ್ಲಿ ಎಲ್ಲವೂ ಹಸಿರು, ರೋಗ ಮಾತ್ರ ಹಾಗೇ. ಆ ಯಂತ್ರ ಅಳೆಯುವುದು ಕೋನವನ್ನು, ಬಿಗಿತವನ್ನಲ್ಲ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಕಾರಿನಲ್ಲೂ ಅಂಥ ಓರೆಯಿದೆ, ಕ್ಯಾಸ್ಟರ್ ಎನ್ನುತ್ತಾರೆ. ಓಡುವಾಗ ಚಕ್ರವನ್ನು ನೇರಕ್ಕೆ ತರುವುದು ಮುಖ್ಯವಾಗಿ ಅದೇ. ಆದರೆ ನಡುವೆ ಎಲ್ಲೋ ಒಂದು ಕೀಲು ಹಿಡಿದುಕೊಂಡರೆ ಅದರ ಬಲ ಸಾಲದು. ಇನ್ನೊಬ್ಬರು ನೋಡದೆಯೇ ‘ಇಡೀ ರ‍್ಯಾಕ್ ಬದಲಿಸಿ’ ಎಂದರು!

ಆಳಂದದ ಮಿಸ್ತ್ರಿ ಮೊದಲು ಟೈರಿನ ಗಾಳಿ ನೋಡಿದ. ಮುಂದಿನ ಎರಡೂ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು ಸ್ಟೇರಿಂಗ್ ತಿರುಗಿಸಿದ. ನೆಲ ಬಿಟ್ಟರೂ ಬಿಗಿ. ಟೈ ರಾಡ್ ತುದಿಗಳನ್ನು ಕಳಚಿದೊಡನೆ ಸ್ಟೇರಿಂಗ್ ಹಗುರ. ಬಲಗಡೆಯ ಚಕ್ರ ಕೈಗೆ ಸಲೀಸಾಗಿ ತಿರುಗಿತು, ಎಡಗಡೆಯದು ಜಗ್ಗಲಿಲ್ಲ.

“ತಮ್ಮಾ, ರ‍್ಯಾಕಿನಾಗ ಏನೂ ಇಲ್ಲ. ಇಲ್ಲಿ ನೋಡು.”

ಕೆಳಗಿನ ಬಾಲ್ ಜಾಯಿಂಟಿನ ರಬ್ಬರ್ ಹರಿದು, ಎರೆಮಣ್ಣು, ನೀರು ಒಳಹೊಕ್ಕು ತುಕ್ಕು ಹಿಡಿದಿತ್ತು. ಬಿಚ್ಚಿದಾಗ ಅದರ ಗುಂಡು ಅಲುಗಾಡಲೂ ಇಲ್ಲ.

ಹೊಸದು ಕೂತ ಮೇಲೆ ಕಾಕಾ ಕೇಳಿದ್ದು ಒಂದೇ: “ಬಲಗಡೀದು ಯಾವಾಗ ಕೈ ಕೊಡ್ತದ?” ಅದರ ರಬ್ಬರೂ ಬಿರುಕು ಬಿಟ್ಟಿತ್ತು. ಅದನ್ನೂ ಅವತ್ತೇ ಹಾಕಿಸಿದೆವು.